ನೆರೆಮನೆಯ ನಾಯಿಗಳ ಬೊಗಳಾಟ: ದೂರು ಯಾರಿಗೆ?

ಪ್ರಶ್ನೆ: ಬೇಲಿಯಾಚೆಯ ಮನೆಯವರು ಅಡಿಕೆ ಒಣಗಿಸುವ ಅಂಗಳದ ಮೂಲೆಯಲ್ಲಿ ಎರಡು ನಾಯಿಗಳನ್ನು ಮೊಳದುದ್ದದ ಸರಪಳಿಯಲ್ಲಿ ಹಗಲೂ ರಾತ್ರಿಯೂ ಕಟ್ಟಿರುತ್ತಾರೆ. ರಾತ್ರಿ ಹನ್ನೊಂದಕ್ಕೆ ಶುರುವಾದ ಬೊಗಳಾಟ ಬೆಳಗಿನ ಜಾವದವರೆಗೂ ನಿಲ್ಲುವುದಿಲ್ಲ. ಹೃದ್ರೋಗಿಯಾದ ನನ್ನ ತಾಯಿಗೆ ನಿದ್ರೆಯೇ ಇಲ್ಲ. ಶಬ್ದಮಾಲಿನ್ಯದ ಕಾನೂನಿನಲ್ಲಿ ದೂರು ಕೊಡಬಹುದೇ?
– ಓದುಗರು, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಕೊಡಬಹುದು, ಆದರೆ ನಿಮಗೆ ಅದು ಸುಲಭದ ದಾರಿಯಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಶಬ್ದವು ಅದಕ್ಕಿಂತ 10 ಡೆಸಿಬೆಲ್ ಅಥವಾ ಇನ್ನೂ ಹೆಚ್ಚಿದ್ದರೆ ದೂರಿಗೆ ಅವಕಾಶವಿದೆ. ಬಿಟ್ಟು ಬಿಟ್ಟು ಬರುವ ಬೊಗಳಾಟವನ್ನು ಅಳೆದು ತೋರಿಸುವುದು ಮಾತ್ರ ಕಷ್ಟ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಆ ಮೊಳದುದ್ದದ ಸರಪಳಿ. ಅಡ್ಡಾಡಲು ಬಿಡದೆ ಸದಾ ಕಟ್ಟಿಹಾಕಿದ ನಾಯಿ ಸಣ್ಣ ಸದ್ದಿಗೂ ಬೊಗಳುತ್ತದೆ. ನಾಯಿಯನ್ನು ತೀರಾ ಗಿಡ್ಡ ಸರಪಳಿಯಲ್ಲಿ ಅತಿಯಾದ ಹೊತ್ತು ಬಿಗಿಯುವುದೂ, ಸದಾ ಕಟ್ಟಿದ ನಾಯಿಗೆ ವ್ಯಾಯಾಮ ಕೊಡದಿರುವುದೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ನಿನಂತೆ ಅಪರಾಧ. ಹಾಗಾಗಿ ಮೊದಲು ಹಗಲಿನಲ್ಲಿ, ಕೋಪವಿಲ್ಲದ ಹೊತ್ತಿನಲ್ಲಿ ಅವರ ಮನೆಗೆ ಹೋಗಿ ತಾಯಿಯವರ ಸ್ಥಿತಿಯನ್ನು ತಿಳಿಸಿ, ಸಂಜೆ ನಾಯಿಗಳನ್ನು ಸ್ವಲ್ಪ ಅಡ್ಡಾಡಿಸಿ ರಾತ್ರಿ ನಿಮ್ಮ ಬೇಲಿಯಿಂದ ದೂರ, ಮನೆಯ ಆಚೆ ಬದಿಯಲ್ಲಿ ಕಟ್ಟುವಂತೆ ಕೇಳಿಕೊಳ್ಳಿ.

ಇದರಿಂದ ಪ್ರಯೋಜನವಾಗದಿದ್ದರೆ, ಯಾವ ದಿನ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬೊಗಳಿದವೆಂದು ಎರಡು ವಾರ ಬರೆದಿಟ್ಟು, ಅದರ ಪ್ರತಿಯೊಂದಿಗೆ ಪಂಚಾಯತ್ ಕಾರ್ಯದರ್ಶಿಗೆ ಅರ್ಜಿ ಕೊಡಿ. ಕೇರಳದಲ್ಲಿ ನಾಯಿ ಸಾಕಲು 1998ರ ನಿಯಮಗಳಂತೆ ಪಂಚಾಯತಿನ ಲೈಸೆನ್ಸ್ ಬೇಕು, ಅದಕ್ಕೆ ರೇಬಿಸ್ ಲಸಿಕೆಯ ದಾಖಲೆಯೂ ಬೇಕು. ಅವೆರಡೂ ಇವೆಯೇ ಎಂದು ಪರಿಶೀಲಿಸುವಂತೆ ಅರ್ಜಿಯಲ್ಲಿಯೇ ಕೇಳಿ. ಸುತ್ತಲಿನ ನಾಲ್ಕೈದು ಮನೆಯವರಿಗೂ ಇದೇ ತೊಂದರೆಯಿದ್ದರೆ ಎಲ್ಲರ ಸಹಿಯೊಂದಿಗೆ ಕಾಸರಗೋಡಿನ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅವರಿಗೆ ಮನವಿ ಸಲ್ಲಿಸಬಹುದು. ಸಾರ್ವಜನಿಕ ಉಪದ್ರವವನ್ನು ನಿವಾರಿಸಲು ಆದೇಶಿಸುವ ಅಧಿಕಾರ ಅವರಿಗಿದೆ; ಅದನ್ನು ಕೊಡುತ್ತಿದ್ದ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಸೆಕ್ಷನ್ 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ತೊಂದರೆ ನಿಮ್ಮೊಂದೇ ಮನೆಗಾದರೆ ಮುನ್ಸಿಫ್ ನ್ಯಾಯಾಲಯದಲ್ಲಿ (ಕೆಳಹಂತದ ಸಿವಿಲ್ ನ್ಯಾಯಾಲಯ) ತಡೆಯಾಜ್ಞೆ ಕೇಳಬೇಕಾಗುತ್ತದೆ.

ಅರ್ಜಿಯನ್ನು ಮಲಯಾಳದಲ್ಲಿ ಬರೆಸಲು ಯಾರನ್ನೂ ಹುಡುಕಬೇಕಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿಯೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಅರ್ಜಿ ಕೊಟ್ಟಾಗ ರಸೀದಿ ಪಡೆಯಲು ಮರೆಯಬೇಡಿ.