ಸೀಲ್‌ಗಳು ಆಮ್ಲಜನಕವನ್ನು ಎಲ್ಲಿ ಕೂಡಿಡುತ್ತವೆ?

ವೆಡೆಲ್ ಸೀಲ್ ಒಂದು ಗಂಟೆಯವರೆಗೂ ನೀರಿನಡಿ ಇರಬಲ್ಲದೆಂದರೆ ಅದರ ಶ್ವಾಸಕೋಶ ಬಹಳ ದೊಡ್ಡದಿರಬೇಕಲ್ಲವೇ ಎಂದು ನೀವು ಕೇಳಿದ್ದೀರಿ. ಹಾಗಲ್ಲ, ಅದು ಮುಳುಗುವ ಮೊದಲು ಉಸಿರನ್ನು ಹೊರಬಿಡುತ್ತದೆ. ಆಳದ ಒತ್ತಡದಲ್ಲಿ ಶ್ವಾಸಕೋಶ ಕುಗ್ಗುವುದರಿಂದ ಸಾರಜನಕವು ರಕ್ತಕ್ಕೆ ಅತಿಯಾಗಿ ಸೇರುವ ಅಪಾಯವೂ ತಗ್ಗುತ್ತದೆ. ಅದಕ್ಕೆ ಬೇಕಾದ ಆಮ್ಲಜನಕದ ಹೆಚ್ಚಿನ ಪಾಲು ಇರುವುದು ರಕ್ತದಲ್ಲಿ, ಮತ್ತು ಸ್ನಾಯುಗಳನ್ನು ಕಪ್ಪಾಗಿಸುವಷ್ಟು ದಟ್ಟವಾಗಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನಿನಲ್ಲಿ.

ಈ ವಿಷಯದಲ್ಲಿ ಶರೀರಕ್ರಿಯಾ ವಿಜ್ಞಾನಿ ಪರ್ ಸ್ಕೋಲಾಂಡರ್ 1940ರಲ್ಲಿ ಪ್ರಕಟಿಸಿದ ಅಧ್ಯಯನ ಅಡಿಪಾಯವಿದ್ದಂತೆ. ನೀರಿನಲ್ಲಿ ಬಲವಂತವಾಗಿ ಮುಳುಗಿಸಿದ ಪ್ರಾಣಿಯ ಹೃದಯಬಡಿತ ತೀವ್ರವಾಗಿ ಇಳಿಯುತ್ತದೆ, ರಕ್ತಸಂಚಾರವು ಮುಖ್ಯವಾಗಿ ಮಿದುಳು ಮತ್ತು ಹೃದಯಕ್ಕೆ ಮೀಸಲಾಗುತ್ತದೆ, ಆಮ್ಲಜನಕ ಸಾಲದಾದಾಗ ಉಂಟಾಗಿ ಸ್ನಾಯುಗಳಲ್ಲಿ ಸಂಗ್ರಹವಾದ ಲ್ಯಾಕ್ಟಿಕ್ ಆಮ್ಲವು ಮೇಲೆ ಬಂದ ನಂತರವೇ ರಕ್ತಕ್ಕೆ ಹರಿಯುತ್ತದೆ ಎಂದು ಅವರು ತೋರಿಸಿದರು. ಆದರೆ ಕಟ್ಟಿಹಾಕಿದ ಪ್ರಾಣಿಯ ವರ್ತನೆ ಸ್ವತಂತ್ರ ಪ್ರಾಣಿಯದೂ ಹೌದೇ? ನನ್ನ ದೃಷ್ಟಿಯಲ್ಲಿ ಇದೇ ಇಡೀ ಕ್ಷೇತ್ರದ ಅತ್ಯಂತ ಫಲಪ್ರದ ಪ್ರಶ್ನೆ.

ಜೀವವಿಜ್ಞಾನಿ ಜೆರಾಲ್ಡ್ ಕೂಯ್‌ಮನ್ ಇದಕ್ಕೆ ಉತ್ತರ ಹುಡುಕಿದ್ದು ಅಂಟಾರ್ಕ್ಟಿಕಾದ ಮೆಕ್‌ಮರ್ಡೊ ಸೌಂಡ್ ಎಂಬ ಸಮುದ್ರಭಾಗದಲ್ಲಿ. ಬೇರೆ ಬಿರುಕುಗಳಿಲ್ಲದ ಕಡೆ ಹಿಮದಲ್ಲಿ ಒಂದೇ ರಂಧ್ರ ಕೊರೆದು ಅಲ್ಲಿಂದ ಸೀಲನ್ನು ಬಿಟ್ಟರೆ, ಉಸಿರಾಡಲು ಅದು ಅಲ್ಲಿಗೇ ಮರಳಬೇಕು. ಹೀಗಾಗಿ ಮುಳುಗಿನ ಆಳ ಮತ್ತು ಅವಧಿಯನ್ನು ದಾಖಲಿಸುವ ಉಪಕರಣವನ್ನು ಮರಳಿ ಪಡೆಯಲು, ರಕ್ತವನ್ನು ಪರೀಕ್ಷಿಸಲು ಸಾಧ್ಯವಾಯಿತು. 1980ರಲ್ಲಿ ಅವರ ತಂಡ ಪ್ರಕಟಿಸಿದ ಫಲಿತಾಂಶದಂತೆ, ಸುಮಾರು 20 ನಿಮಿಷಗಳೊಳಗಿನ ಮುಳುಗುಗಳ ನಂತರ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವುದಿಲ್ಲ, ಅಂದರೆ ಕೂಡಿಟ್ಟ ಆಮ್ಲಜನಕವೇ ಸಾಕಾಗುತ್ತದೆ, ಮತ್ತು ಸೀಲ್‌ಗಳ ಬಹುತೇಕ ಮುಳುಗುಗಳು ಈ ಮಿತಿಯೊಳಗೇ ಇರುತ್ತವೆ. ನೀವು ಓದಿದ ಒಂದು ಗಂಟೆ ಅಪರೂಪದ್ದು. ಅದರ ನಂತರ ಪ್ರಾಣಿಗೆ ದೀರ್ಘ ವಿಶ್ರಾಂತಿ ಅನಿವಾರ್ಯ.