ಪಿಲೈ ವಿಷ ಮಾಡುವುದಿಲ್ಲ, ಆದರೂ ಕಾಯಿಲೆಗೆ ಹೇಗೆ ಕಾರಣವಾಗುತ್ತದೆ?

ನೀವು ಕೇಳಿದ್ದು ಇದು: ಬ್ಯಾಕ್ಟೀರಿಯಾದ ಮೈಮೇಲಿನ ಕೂದಲಿನಂಥ ಪಿಲೈಗಳು ರೋಗ ತರುತ್ತವೆ ಅಂತ ಪುಸ್ತಕ ಹೇಳುತ್ತದೆ. ಆದರೆ ಅವು ವಿಷವನ್ನೇನೂ ಮಾಡುವುದಿಲ್ಲ. ಸುಮ್ನೆ ಅಂಟಿಕೊಂಡ ಮಾತ್ರಕ್ಕೆ ಕಾಯಿಲೆ ಹೇಗೆ ಬರುತ್ತದೆ?

ನಾನು ಡಿಗ್ರಿ ಮಕ್ಕಳಿಗೆ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. ಪಿಲೈ ಅಂದಾಗೆಲ್ಲ ನಾನು ಹೇಳುವ ಉದಾಹರಣೆ ಮೂತ್ರದ ಸೋಂಕು, ಅಂದರೆ ಉರಿಮೂತ್ರ. ನಿಮ್ಮ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಈ ಸೋಂಕು ಬಹುಪಾಲು ಬರುವುದು ಇ. ಕೋಲಿಯಿಂದ. ಅದು ನಮ್ಮ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ. ಅಲ್ಲಿದ್ದಷ್ಟು ದಿನ ತೊಂದರೆ ಇಲ್ಲ. ಹೆಂಗಸರಲ್ಲಿ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಮಲದ್ವಾರವೂ ಹತ್ತಿರ. ಹಾಗಾಗಿ ಅದು ಮೂತ್ರಕೋಶ ತಲುಪುವುದು ಕಷ್ಟವಲ್ಲ. ಕಷ್ಟ ಇರುವುದು ಅಲ್ಲಿ ಉಳಿಯುವುದರಲ್ಲಿ. ನಾವು ಪ್ರತಿ ಸಲ ಮೂತ್ರ ಮಾಡಿದಾಗಲೂ ಒಳಗೆ ತೇಲುತ್ತಿರುವುದೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಹಿಡಿದುಕೊಳ್ಳಲು ಬಾರದ ಬ್ಯಾಕ್ಟೀರಿಯಾ ಸಂಖ್ಯೆ ಹೆಚ್ಚಿಸಿಕೊಳ್ಳುವಷ್ಟು ಹೊತ್ತು ಅಲ್ಲಿ ನಿಲ್ಲುವುದೇ ಇಲ್ಲ.

ಇಲ್ಲಿ ಕೆಲಸಕ್ಕೆ ಬರುವುದು ಟೈಪ್ 1 ಪಿಲೈ. ಒಂದೊಂದೂ ಸುಮಾರು 7 ನ್ಯಾನೋಮೀಟರ್ ದಪ್ಪ, 1ರಿಂದ 2 ಮೈಕ್ರೋಮೀಟರ್ ಉದ್ದ. ಅಂದರೆ ಹೆಚ್ಚುಕಡಿಮೆ ಬ್ಯಾಕ್ಟೀರಿಯಾದಷ್ಟೇ ಉದ್ದ. ಫಿಮ್ಎ ಅನ್ನುವ ಪ್ರೋಟೀನಿನ ತುಣುಕುಗಳು ಸುರುಳಿಯಾಗಿ ಜೋಡಿಸಿಕೊಂಡು ಅದರ ಕಡ್ಡಿ ಆಗಿದೆ. ತುದಿಯಲ್ಲಿ ಫಿಮ್ಎಚ್ ಅನ್ನುವ ಬೇರೆ ಪ್ರೋಟೀನ್ ಇದೆ. ಮ್ಯಾನೋಸ್ ಅನ್ನುವ ಸಕ್ಕರೆಯನ್ನು ಹಿಡಿಯುವುದು ಈ ಫಿಮ್ಎಚ್. ನಮ್ಮ ಮೂತ್ರಕೋಶದ ಒಳಮೈ ಜೀವಕೋಶಗಳ ಮೇಲಿರುವ ಯುರೋಪ್ಲಾಕಿನ್ ಪ್ರೋಟೀನುಗಳಲ್ಲಿ ಒಂದರ ಮೇಲೆ ಅದೇ ಸಕ್ಕರೆ ಇದೆ.

ನನಗೆ ಅತಿ ಇಷ್ಟವಾದ ಭಾಗ ಇನ್ನು ಮುಂದೆ. ಫಿಮ್ಎಚ್‌ನ ಹಿಡಿತ ಕುಣಿಕೆಯ ಹಾಗೆ. ಮೂತ್ರದ ಹರಿವು ಎಳೆದಾಗ ಅದು ಸಡಿಲವಾಗುವ ಬದಲು ಬಿಗಿಯಾಗುತ್ತದೆ. ಎಳೆತ ಜಾಸ್ತಿಯಾದರೆ ಕಡ್ಡಿಯ ಸುರುಳಿ ಬಿಚ್ಚಿಕೊಂಡು ಉದ್ದವಾಗುತ್ತದೆ, ಹರಿವು ನಿಂತ ಮೇಲೆ ಮತ್ತೆ ಸುತ್ತಿಕೊಳ್ಳುತ್ತದೆ. ಕೊಚ್ಚಿ ಹಾಕಲು ಬಂದ ಹರಿವೇ ಬ್ಯಾಕ್ಟೀರಿಯಾವನ್ನು ಇನ್ನಷ್ಟು ಗಟ್ಟಿಯಾಗಿ ನಿಲ್ಲಿಸುತ್ತದೆ! ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಫಿಮ್ಎಚ್ ಇಲ್ಲದ ಇ. ಕೋಲಿಯನ್ನು ಮೂತ್ರಕೋಶಕ್ಕೆ ಬಿಟ್ಟರೆ ಅದು ಸರಿಯಾಗಿ ನೆಲೆಯೂರುವುದೇ ಇಲ್ಲ. ಅದರ ಬೇರೆ ಜೀನ್‌ಗಳೆಲ್ಲ ಹಾಗೇ ಇದ್ದರೂ ಅಷ್ಟೇ.

ಆದರೆ "ಸುಮ್ನೆ ಅಂಟಿಕೊಳ್ಳುತ್ತದೆ" ಅನ್ನುವುದೂ ಪೂರ್ತಿ ಸರಿಯಲ್ಲ. ಫಿಮ್ಎಚ್ ಹಿಡಿದ ಮೇಲೆ ಮೂತ್ರಕೋಶದ ಜೀವಕೋಶ ಬ್ಯಾಕ್ಟೀರಿಯಾವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಒಳಗೆ ಅದು ಗುಂಪುಗುಂಪಾಗಿ ಬೆಳೆಯುತ್ತದೆ. ಅಲ್ಲಿಗೆ ಮೂತ್ರದ ಹರಿವು ತಾಗುವುದಿಲ್ಲ, ಬಿಳಿರಕ್ತಕಣಗಳಿಗೂ ಸುಲಭವಾಗಿ ಸಿಗುವುದಿಲ್ಲ. ಕೆಲವು ಆ್ಯಂಟಿಬಯಾಟಿಕ್‌ಗಳೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಸೋಂಕು ತಗುಲಿದ ಜೀವಕೋಶಗಳು ಕಳಚಿ ಬೀಳುತ್ತವೆ, ಊತ ಬರುತ್ತದೆ. ಉರಿ, ಪದೇ ಪದೇ ಅವಸರ, ಎಲ್ಲ ಅದರಿಂದಲೇ. ಇಲಿಗಳಲ್ಲಿ ಕೆಲವು ಬ್ಯಾಕ್ಟೀರಿಯಾ ವಾರಗಟ್ಟಲೆ ಒಳಗೇ ತೆಪ್ಪಗೆ ಕೂತಿದ್ದನ್ನೂ ನೋಡಿದ್ದಾರೆ. ವಾಸಿಯಾದ ಸೋಂಕು ಮತ್ತೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ಕಿಡ್ನಿಗೆ ಏರುವ ತಳಿಗಳಲ್ಲಿ ಹೆಚ್ಚಾಗಿ ಇನ್ನೊಂದು ಬಗೆಯದು ಇರುತ್ತದೆ, ಪಿ ಪಿಲೈ. ಅದರ ತುದಿಯ ಪ್ಯಾಪ್‌ಜಿ ಹಿಡಿಯುವುದು ಮ್ಯಾನೋಸನ್ನಲ್ಲ, ಎರಡು ಗ್ಯಾಲಕ್ಟೋಸ್ ಜೋಡಿಸಿದ ಸಕ್ಕರೆಯನ್ನು. ಅದು ಕಿಡ್ನಿಯ ಜೀವಕೋಶಗಳ ಮೇಲೆ ಹೇರಳವಾಗಿದೆ. ತುದಿಯಲ್ಲಿ ಯಾವ ಪ್ರೋಟೀನ್ ಇದೆ ಅನ್ನುವುದರ ಮೇಲೆ ಸೋಂಕು ಕೆಳಗೇ ನಿಲ್ಲುತ್ತದೋ ಮೇಲಕ್ಕೆ ಹೋಗುತ್ತದೋ ಅನ್ನುವುದು ಬಹಳಮಟ್ಟಿಗೆ ನಿಂತಿದೆ. ಮೇಲಕ್ಕೆ ಈಜಲು ಫ್ಲಾಜೆಲ್ಲಾ ಬೇಕು, ಅದೂ ಮೈಮೇಲಿನ ಅಂಗವೇ. ಆದರೆ ಫ್ಲಾಜೆಲ್ಲಾದ ಪ್ರೋಟೀನನ್ನು ನಮ್ಮ ದೇಹ ಬೇಗ ಗುರುತು ಹಿಡಿಯುತ್ತದೆ. ಅದಕ್ಕೇ ಸಾಮಾನ್ಯವಾಗಿ ಪಿಲೈ ಬೆಳೆಸುವಾಗ ಬ್ಯಾಕ್ಟೀರಿಯಾ ಈಜುವುದನ್ನು ಕಡಿಮೆ ಮಾಡುತ್ತದೆ.

ನಮ್ಮ ದೇಹವೂ ಸುಮ್ಮನೆ ಕೂತಿಲ್ಲ. ಕಿಡ್ನಿ ಯುರೋಮಾಡ್ಯುಲಿನ್ ಅನ್ನುವ ಪ್ರೋಟೀನನ್ನು ಮೂತ್ರಕ್ಕೆ ಬಿಡುತ್ತದೆ. ಅದರ ಮೇಲೆ ಮ್ಯಾನೋಸ್ ಇದೆ. ಫಿಮ್ಎಚ್ ಜೀವಕೋಶದ ಬದಲು ಅದನ್ನೇ ಹಿಡಿದುಕೊಂಡು ಮೂತ್ರದ ಜೊತೆ ಆಚೆ ಹೋಗುತ್ತದೆ. ಇದೇ ಲೆಕ್ಕದಲ್ಲಿ ಡಿ-ಮ್ಯಾನೋಸ್ ಪುಡಿ ಮಾರುತ್ತಾರೆ. ಬ್ರಿಟನ್ನಿನಲ್ಲಿ ಪದೇ ಪದೇ ಸೋಂಕಾಗುತ್ತಿದ್ದ ಸುಮಾರು 600 ಹೆಂಗಸರ ಮೇಲೆ ಇದರ ಪರೀಕ್ಷೆ ನಡೆಯಿತು. ಫಲಿತಾಂಶ 2024ರಲ್ಲಿ ಬಂತು. ದಿನಕ್ಕೆ 2 ಗ್ರಾಂ ಹಾಗೆ 6 ತಿಂಗಳು ತೆಗೆದುಕೊಂಡರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಅದನ್ನು ನೆಚ್ಚಿಕೊಂಡು ಕೂರಬೇಡಿ. ಉರಿಮೂತ್ರದ ಜೊತೆ ಚಳಿಜ್ವರ, ಪಕ್ಕೆಯಲ್ಲೋ ಬೆನ್ನಲ್ಲೋ ನೋವು ಇದ್ದರೆ ಸೋಂಕು ಕಿಡ್ನಿಗೆ ಹೋಗಿರಬಹುದು. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಶುರು ಮಾಡುವ ಮೊದಲು ಯೂರಿನ್ ಕಲ್ಚರ್‌ಗೆ ಕೊಡುವುದು ಒಳ್ಳೆಯದು.