ಕೆಸರು ಮಾತಿನ ಕುಲಮೂಲ

ಪ್ರಶ್ನೆ: ಇಂಗ್ಲಿಷ್ ಪದಬಂಧವೊಂದರಲ್ಲಿ ‘ಅಶ್ಲೀಲ ಮಾತು’ ಎಂಬ ಸುಳಿವಿಗೆ ‘ಬೋರ್ಬೊರಾಲಜಿ’ ಎಂಬ ಉತ್ತರವಿತ್ತು. ಬೇಸರ ತರಿಸುವ ‘ಬೋರ್’ಗೂ ಇದಕ್ಕೂ ನಂಟಿದೆಯೇ? ಕನ್ನಡದಲ್ಲಿ ಏನೆನ್ನಬಹುದು?

ಉತ್ತರ: ನಂಟಿಲ್ಲ. ಗ್ರೀಕಿನಲ್ಲಿ ‘ಬೋರ್ಬೊರೊಸ್’ ಎಂದರೆ ಕೆಸರು, ರೊಚ್ಚು. ಅದಕ್ಕೆ ಮಾತು ಎಂಬರ್ಥದ ಬಾಲ ಅಂಟಿದೆ, ಅಷ್ಟೇ. ಹೊಟ್ಟೆ ಗುರುಗುಟ್ಟುವುದಕ್ಕೆ ವೈದ್ಯರು ಹೇಳುವ ‘ಬೋರ್ಬೊರಿಗ್ಮಸ್’ ಕೂಡ ಗ್ರೀಕಿನದೇ. ಆದರೆ ಅದು ನಮ್ಮ ‘ಗುಡುಗುಡು’ವಿನ ಹಾಗೆ ಸದ್ದಿನ ಅನುಕರಣೆ.

ಇದರ ಓರಗೆಯವರಲ್ಲಿ ‘ಬಿಲಿಂಗ್ಸ್‌ಗೇಟ್’ ನನಗೆ ಇಷ್ಟ. ಅದು ಲಂಡನ್ನಿನ ಮೀನು ಮಾರುಕಟ್ಟೆಯ ಹೆಸರು. ಅಲ್ಲಿನ ಮಾರಾಟಗಾರ್ತಿಯರ ಬಾಯಿಯ ಖ್ಯಾತಿಯಿಂದ ಬೈಗುಳಕ್ಕೇ ಆ ಹೆಸರು ನಿಂತಿತು. ‘ಕೊಪ್ರೊಲಾಲಿಯ’ವನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಅದರ ಮೂಲದಲ್ಲಿ ಸಗಣಿ ಇದ್ದರೂ ಅದು ರೋಗಲಕ್ಷಣ: ಟೂರೆಟ್ ಸಿಂಡ್ರೋಮ್ ಎಂಬ ನರಸಂಬಂಧಿ ತೊಂದರೆ ಇರುವ ಕೆಲವರ ಬಾಯಿಂದ, ಅವರು ಬೇಡವೆಂದರೂ, ಅಂಥ ಪದ ಹೊರಬೀಳುತ್ತದೆ.

ಕನ್ನಡದಲ್ಲಿ ‘ಹೊಲಸು ಮಾತು’ ಎಂದರೆ ಸಾಕು. ಗ್ರೀಕರ ಕೆಸರು ಅದರಲ್ಲೇ ಇದೆ. ‘ಅಸಭ್ಯ’ ಎಂದರೆ ಸಭೆಗೆ ಸಲ್ಲದ್ದು. ‘ಅವಾಚ್ಯ’ ಎಂದರೆ ಆಡಬಾರದ್ದು, ಆದರೂ ‘ಅವಾಚ್ಯ ಶಬ್ದಗಳಿಂದ ನಿಂದಿಸಿದ’ ಸುದ್ದಿಗೆ ಪತ್ರಿಕೆಗಳಲ್ಲಿ ಬರವಿಲ್ಲ!

ನಿಮ್ಮ ಸುಳಿವಿನಲ್ಲಿದ್ದ ‘ಅಶ್ಲೀಲ’ವೇ ನಿಜವಾಗಿ ಸೋಜಿಗದ ಪದ. ಅದರೊಳಗೆ ಕೊಳಕೂ ಇಲ್ಲ, ಕಾಮವೂ ಇಲ್ಲ, ಇರುವುದು ‘ಶ್ರೀ’. ‘ಅಶ್ರೀರ’ ಎಂಬುದರ ರಕಾರಗಳು ಲಕಾರವಾಗಿ ‘ಅಶ್ಲೀಲ’ ಆಯಿತು, ಅರ್ಥ, ಕಳೆಯಿಲ್ಲದ್ದು. ಋಗ್ವೇದದ ಎಂಟನೆಯ ಮಂಡಲದಲ್ಲಿ ‘ಅಶ್ರೀರ ಇವ ಜಾಮಾತಾ’ ಎಂಬ ಹೋಲಿಕೆ ಬರುತ್ತದೆ. ಕಳೆಗೆಟ್ಟ ಅಳಿಯನಂತೆ ಎಂದು ಹೇಳಿದ್ದು ಬೇರಾರನ್ನೂ ಅಲ್ಲ, ಇಂದ್ರನನ್ನು ಕುರಿತು: ಹಾಗೆ ನಮ್ಮಿಂದ ದೂರ ಉಳಿದು ಸಂಜೆ ಮಾಡಬೇಡ ಎಂದು. ಪಾಪ, ಆ ಅಳಿಯ ಏನೂ ಹೊಲಸು ಆಡಿರಲಿಲ್ಲ.

ಮುಂದೆ ಆಲಂಕಾರಿಕರು, ಅಂದರೆ ಸಂಸ್ಕೃತದ ಕಾವ್ಯಶಾಸ್ತ್ರಕಾರರು, ಇದನ್ನು ಕಾವ್ಯದೋಷವಾಗಿ ಹಿಡಿದಾಗಲೂ ಮೂಲದ ನೆನಪು ಪೂರ್ತಿ ಅಳಿಸಿರಲಿಲ್ಲ. ವಾಮನ, ಮಮ್ಮಟ ಇಬ್ಬರೂ ಅಶ್ಲೀಲದಲ್ಲಿ ಮೂರು ಬಗೆ ಹೇಳುತ್ತಾರೆ: ನಾಚಿಕೆ ತರುವುದು, ಹೇಸಿಗೆ ತರುವುದು, ಅಮಂಗಳ ಸೂಚಿಸುವುದು. ಮೂರನೆಯದನ್ನು ನಾವು ಮರೆತಿದ್ದೇವೆ. ಪ್ರಿಯೆ ಕಣ್ಮರೆಯಾದಳು ಎನ್ನಬೇಕಾದಲ್ಲಿ ಕವಿ ‘ವಿನಾಶ’ ಎಂದರೆ ಸಾವು ನೆನಪಾಗುತ್ತದೆ, ಆದ್ದರಿಂದ ಅದೂ ಅಶ್ಲೀಲ. ಆ ಲೆಕ್ಕದಲ್ಲಿ ಮದುವೆ ಮನೆಯಲ್ಲಿ ದೀಪ ‘ಆರಿತು’ ಎನ್ನುವುದೂ ಅಶ್ಲೀಲವೇ.